ಐದು ಕಡೆ ‘ಹೋಗುವ ದಾರಿ’, ಒಂದು ಪರಿವಿಡಿ

ಹೋದ ವರ್ಷ ನಾನು ಒಂದು ಉದ್ದನೆಯ ವೆಬ್ ಪುಟ ಬರೆದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆ ಸೇರಿ ಅಶೋಕನ ಬಂಡೆ ಶಾಸನ ಸಿಕ್ಕಿರುವ ಐದು ಜಾಗಗಳ ಬಗ್ಗೆ. ನಮ್ಮ ಕೊಪ್ಪಳದಲ್ಲೇ ಎರಡಿವೆ, ಗವಿಮಠ ಮತ್ತು ಪಾಲ್ಕಿಗುಂಡು. ರಾಯಚೂರು ಜಿಲ್ಲೆಯಲ್ಲಿ ಮಸ್ಕಿ. ಬಳ್ಳಾರಿ ಜಿಲ್ಲೆಯಲ್ಲಿ, ಸಿರುಗುಪ್ಪದ ಕಡೆ, ನಿಟ್ಟೂರು ಮತ್ತು ಉದೇಗೊಳಂ. ಮಸ್ಕಿಯ ಶಾಸನ 1915ರಲ್ಲಿ ಸಿಕ್ಕಿತು, ಚಿನ್ನದ ಗಣಿ ಹುಡುಕುತ್ತಿದ್ದ ಬೀಡನ್ ಅನ್ನುವ ಎಂಜಿನಿಯರ್ ಕಣ್ಣಿಗೆ. ‘ದೇವಾನಂಪಿಯಸ ಅಸೋಕಸ’ ಅಂತ ಅದರಲ್ಲಿ ಹೆಸರೇ ಇದೆ. ಅಲ್ಲಿಯವರೆಗೆ ದೇವಾನಾಂಪ್ರಿಯ ಅನ್ನುವ ರಾಜನೇ ಅಶೋಕ ಅಂತ ಶಾಸನದಿಂದ ನೇರವಾಗಿ ಹೇಳುವ ಸಾಕ್ಷಿ ಇರಲಿಲ್ಲ. ಇಂಥ ಸಂಗತಿ ನಮ್ಮ ಮನೆ ಹಿತ್ತಲಲ್ಲೇ ಇದ್ದೂ ಇಲ್ಲಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಅದಕ್ಕೇ ಬರೆದೆ. ಪ್ರತಿ ಜಾಗಕ್ಕೂ ಬಂಡೆ ಹೇಗಿದೆ, ಬರಹದಲ್ಲಿ ಏನಿದೆ, ಹೋಗುವ ದಾರಿ ಯಾವುದು, ಎಲ್ಲ ಒಂದೇ ಪುಟದಲ್ಲಿ ಹಾಕಿದೆ.

ಹಾಕಿದ ಎರಡನೇ ದಿನ ಸಿಂಧನೂರಿನಿಂದ ನಮ್ಮ ಕಾಕಾ ಫೋನ್ ಮಾಡಿದರು. “ತಮ್ಮಾ, ಬರದಿದ್ದು ಛಲೋ ಐತಿ. ಆದ್ರ ನಿಟ್ಟೂರು ಎಲ್ಲೈತಿ ಇದ್ರಾಗ? ತಳ್ಳಿ ತಳ್ಳಿ ಬೆರಳು ಸಾಕಾತು.”

ಪುಟದ ಮೇಲೆ ಒಂದು ಪರಿವಿಡಿ ಬೇಕಿತ್ತು. ನಾನು ಹಾಕಿರಲಿಲ್ಲ.

ಪರಿವಿಡಿ ಅಂದರೆ ಏನು ಅಂತ ನನಗೆ ಗೊತ್ತಿಲ್ಲದೆ ಇಲ್ಲ. ಹತ್ತು ವರ್ಷದಿಂದ ಡಿಟಿಪಿ ಕೆಲಸ ಮಾಡುತ್ತಿದ್ದೇನೆ. ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಮದುವೆ ಕಾರ್ಡು, ಎಲ್ಲ. ಪೇಜ್‌ಮೇಕರ್‌ನಲ್ಲಿ ಪುಸ್ತಕ ಕೂರಿಸುವವರಿಗೆ ಪರಿವಿಡಿ ಯಾವಾಗಲೂ ಕೊನೆಯ ಕೆಲಸ. ಎಲ್ಲ ಪುಟ ಸಿದ್ಧ ಆದ ಮೇಲೆ ಒಂದೊಂದೇ ಲೇಖನದ ಹೆಸರು, ಪುಟ ಸಂಖ್ಯೆ ನೋಡಿಕೊಂಡು ಕೈಯಲ್ಲಿ ಹೊಡೆಯುತ್ತೇವೆ. ಒಂದು ಸಲ ಒಂದು ಸಂಚಿಕೆ ಪ್ಲೇಟ್‌ಗೆ ಹೋಗುವ ಹಿಂದಿನ ರಾತ್ರಿ ಎರಡು ಪುಟ ಜಾಹೀರಾತು ಬಂತು. ಮುಂಭಾಗದಲ್ಲೇ ಸೇರಿಸಬೇಕು ಅಂದರು, ಸೇರಿಸಿದೆ. ಪರಿವಿಡಿಯ ಸಂಖ್ಯೆ ತಿದ್ದಲು ಮರೆತೆ. ಅಚ್ಚಾಗಿ ಬಂದ ಅಷ್ಟೂ ಪ್ರತಿಯಲ್ಲಿ ಪ್ರತಿಯೊಂದು ಲೇಖನವೂ ಎರಡು ಪುಟ ಮುಂದೆ. ಆ ಸಂಚಿಕೆಯಲ್ಲಿ ತಮ್ಮ ಮೊದಲ ಕವಿತೆ ಬಂದಿದ್ದ ಒಬ್ಬ ಹಿರಿಯರು ಪರಿವಿಡಿ ನೋಡಿ ಪುಟ ತೆಗೆದರೆ ಅಲ್ಲಿ ಬೇರೆ ಯಾರದೋ ಲೇಖನ. ಅವರ ಮುಖ ಇನ್ನೂ ನೆನಪಿದೆ.

ಇಷ್ಟು ಅನುಭವ ಆದ ಮೇಲೂ ವೆಬ್ ಪುಟಕ್ಕೆ ನಾನು ಮೊದಲು ಮಾಡಿದ್ದು ಅದೇ ಕೆಲಸ. ಐದು ಹೆಸರು ಕೈಯಲ್ಲಿ ಬರೆದು, ಐದಕ್ಕೂ ಲಿಂಕ್ ಕೊಟ್ಟೆ. ವಾರದೊಳಗೆ ‘ಗವಿಮಠ’ ಅನ್ನುವ ಶೀರ್ಷಿಕೆಯನ್ನು ‘ಗವಿಮಠದ ಬೆಟ್ಟ’ ಅಂತ ಬದಲಿಸಿದೆ, ಮಸ್ಕಿಯನ್ನು ಸ್ವಲ್ಪ ಮೇಲೆ ತಂದೆ, ನಡುವೆ ಬ್ರಾಹ್ಮಿ ಲಿಪಿ ಬಗ್ಗೆ ಒಂದು ಭಾಗ ಸೇರಿಸಿದೆ. ಮೇಲಿನ ಪಟ್ಟಿ ಹಳೆಯದೇ ಉಳಿಯಿತು. ಪುಟದಲ್ಲಿ ಹೆಸರುಗಳು ಈಗಾಗಲೇ ಇವೆ, ಅಲ್ವಾ? ಅವನ್ನೇ ಎರಡನೇ ಸಲ ಇನ್ನೊಂದು ಕಡೆ ಬರೆದಿಟ್ಟರೆ ಒಂದಲ್ಲ ಒಂದು ದಿನ ಎರಡೂ ಬೇರೆ ಬೇರೆ ಮಾತಾಡುತ್ತವೆ. ಶೀರ್ಷಿಕೆಗಳಿಂದಲೇ ಪರಿವಿಡಿ ಹುಟ್ಟಬೇಕು. ಅದನ್ನು ಯಂತ್ರವೇ ಮಾಡಬೇಕು.

ಸರಿ, ಒಂದು ಪ್ಲಗಿನ್ (ಇಂಥ ಒಂದು ಕೆಲಸಕ್ಕೆ ಅಂತ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಮ್) ಹಾಕಿದೆ. ಪಟ್ಟಿ ಖಾಲಿ ಬಂತು.

ಯಾಕೆ ಅಂತ ನನಗೆ ಹೇಳಿದ್ದು ನನ್ನ ಗೆಳೆಯ. ಅವನಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ಉಚಿತ ತಂತ್ರಾಂಶ ಇಟ್ಟುಕೊಂಡಿದ್ದಾನೆ, ಅದು ಪರದೆ ಮೇಲಿನದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ. ಅದರಲ್ಲಿ ‘ಎಚ್’ ಕೀಲಿ ಒತ್ತಿದರೆ ಪುಟದ ಮುಂದಿನ ಶೀರ್ಷಿಕೆಗೆ ಹಾರುತ್ತದೆ. ‘2’ ಒತ್ತಿದರೆ ಮುಂದಿನ ಎರಡನೇ ಹಂತದ ಶೀರ್ಷಿಕೆಗೆ, ‘3’ ಒತ್ತಿದರೆ ಮೂರನೇ ಹಂತದ್ದಕ್ಕೆ. ಅವನು ಅಂದ, “ಲೇ, ನಿನ್ನ ಪುಟದಾಗ ಎಚ್ ಒತ್ತಿದ್ರ ಮ್ಯಾಲಿನ ಹೆಸರು ಒಂದ ಸಿಗತೈತಿ. ಉಳಿದಿದ್ದೆಲ್ಲಾ ಒಂದ ಗಂಟು.”

ನಾನು ಮಾಡಿದ್ದು ಇಷ್ಟು. ಡಿಟಿಪಿ ಅಭ್ಯಾಸದಲ್ಲಿ ಊರಿನ ಹೆಸರನ್ನು ದಪ್ಪ ಅಕ್ಷರ ಮಾಡಿ, ಸೈಜ್ ಜಾಸ್ತಿ ಮಾಡಿ, ಬಣ್ಣ ಹಾಕಿದ್ದೆ. ಕಣ್ಣಿಗೆ ಅದು ಶೀರ್ಷಿಕೆ. ಬ್ರೌಸರಿಗೆ ಅದು ದಪ್ಪಗಿರುವ ಒಂದು ಪ್ಯಾರಾ ಅಷ್ಟೇ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಶೀರ್ಷಿಕೆ ಅಂತ ಹೇಳಲು ಎಚ್1 ಇಂದ ಎಚ್6 ತನಕ ಆರು ಹಂತದ ಟ್ಯಾಗ್‌ಗಳಿವೆ. ಆ ಟ್ಯಾಗ್ ಇದ್ದರೆ ಮಾತ್ರ ಅದು ಶೀರ್ಷಿಕೆ. ಪರಿವಿಡಿ ಮಾಡುವ ಪ್ರೋಗ್ರಾಮ್ ಹುಡುಕುವುದು ಅದನ್ನೇ, ನನ್ನ ಗೆಳೆಯನ ಎಚ್ ಕೀಲಿ ಹುಡುಕುವುದೂ ಅದನ್ನೇ. ವರ್ಡ್‌ನಲ್ಲಿ ಹೆಡಿಂಗ್ ಸ್ಟೈಲ್ ಕೊಡದೆ ಬರೀ ಬೋಲ್ಡ್ ಮಾಡಿದರೆ ಅಲ್ಲಿಯೂ ಪರಿವಿಡಿ ಖಾಲಿ ಬರುತ್ತದೆ, ಅದೇ ಕಾರಣ.

ಆ ರಾತ್ರಿ ಕೂತು ಎಲ್ಲ ತಿದ್ದಿದೆ. ಪುಟದ ಹೆಸರು ಎಚ್1, ಅದು ಒಂದೇ. ಐದು ಜಾಗಗಳೂ ಬ್ರಾಹ್ಮಿಯ ಭಾಗವೂ ಎಚ್2. ಪ್ರತಿ ಜಾಗದ ಕೆಳಗೆ ಬಂಡೆ, ಬರಹ, ಹೋಗುವ ದಾರಿ ಎಚ್3. ಯಾವುದೋ ಹಳೆಯ ಪಾಠದಲ್ಲಿ ಪ್ರತಿ ವಿಭಾಗದೊಳಗೂ ಎಚ್1 ಹಾಕಬಹುದು, ಹಂತವನ್ನು ಬ್ರೌಸರ್ ತಾನೇ ಲೆಕ್ಕ ಹಾಕುತ್ತದೆ ಅಂತ ಓದಿದ್ದೆ. ಅದನ್ನು ನಂಬಬೇಡಿ. ಆ ಲೆಕ್ಕವನ್ನು ಯಾವ ಬ್ರೌಸರೂ ಸರಿಯಾಗಿ ಜಾರಿಗೆ ತರಲೇ ಇಲ್ಲ, 2022ರಲ್ಲಿ ಎಚ್‌ಟಿಎಂಎಲ್ ನಿಯಮದಿಂದಲೇ ಅದನ್ನು ತೆಗೆದುಹಾಕಿದರು. ಹಂತ ನೀವೇ ಹೇಳಬೇಕು. ಎಚ್2 ಆದ ಮೇಲೆ ಎಚ್3 ಬರಬೇಕು, ಅಕ್ಷರ ಸಣ್ಣದಾಗಿ ಚೆಂದ ಕಾಣುತ್ತದೆ ಅಂತ ಸುಮ್ನೆ ಎಚ್4ಗೆ ಹಾರಬಾರದು. ಸೈಜ್ ಬದಲಿಸಲು ಸಿಎಸ್ಎಸ್ ಇದೆ, ಪುಟ ಕಣ್ಣಿಗೆ ಹೇಗೆ ಕಾಣಬೇಕು ಅಂತ ಹೇಳುವ ಭಾಷೆ ಅದು.

ಶೀರ್ಷಿಕೆ ಸರಿಯಾದ ಮೇಲೆ ಉಳಿದ ಕೆಲಸ ಸಣ್ಣದು. ಪ್ರೋಗ್ರಾಮ್ ಪುಟದ ಎಚ್2, ಎಚ್3ಗಳನ್ನು ಬಂದ ಕ್ರಮದಲ್ಲೇ ಎತ್ತಿಕೊಳ್ಳುತ್ತದೆ. ಎಚ್2 ಸಿಕ್ಕರೆ ಪಟ್ಟಿಯಲ್ಲಿ ಹೊಸ ಸಾಲು. ಎಚ್3 ಸಿಕ್ಕರೆ ಈಗಿನ ಸಾಲಿನ ಒಳಗೆ ಒಂದು ಒಳಪಟ್ಟಿ. ಮತ್ತೆ ಎಚ್2 ಬಂದರೆ ಒಳಪಟ್ಟಿ ಮುಗಿಸಿ ಹೊರಗೆ. ಪ್ರತಿ ಸಾಲಿಗೂ ಒಂದು ಲಿಂಕ್. ಆ ಲಿಂಕ್ ಎಲ್ಲಿಗೆ ಹೋಗಬೇಕು ಅಂತ ಹೇಳಲು ಶೀರ್ಷಿಕೆಗೆ ಒಂದು ಐಡಿ ಬೇಕು, ವಿಳಾಸದ ಕೊನೆಯಲ್ಲಿ ಹ್ಯಾಶ್ ಗುರುತು ಹಾಕಿ ಆ ಐಡಿ ಬರೆದರೆ ಬ್ರೌಸರ್ ನೇರ ಅಲ್ಲಿಗೆ ಹೋಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಎಲ್ಲ ತೊಂದರೆ ಇರುವುದು ಈ ಐಡಿಯಲ್ಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ಕನ್ನಡದಲ್ಲಿ ಯಾರಾದರೂ ಬರೆದಿಟ್ಟಿದ್ದರೆ ನನಗೆ ಮೂರು ರಾತ್ರಿ ಉಳಿಯುತ್ತಿತ್ತು.

ಹೆಚ್ಚಿನ ಪ್ಲಗಿನ್‌ಗಳು ಶೀರ್ಷಿಕೆಯ ಪಠ್ಯದಿಂದಲೇ ಐಡಿ ಮಾಡುತ್ತವೆ. ಜಾಗ ಬಿಟ್ಟ ಕಡೆ ಸಣ್ಣ ಗೆರೆ ಹಾಕಿ, ಅಕ್ಷರ ಮತ್ತು ಅಂಕಿ ಬಿಟ್ಟು ಉಳಿದದ್ದನ್ನು ತೆಗೆದುಹಾಕುತ್ತವೆ. ಆದರೆ ‘ಅಕ್ಷರ’ ಅಂದರೆ ಯಾವುದು? ಬ್ರೌಸರಿನಲ್ಲಿ ಓಡುವ ಪ್ರೋಗ್ರಾಮ್ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆ ರೂಢಿಯಲ್ಲಿರುವ ಗುರುತು ಇಂಗ್ಲಿಷಿನ ಎ ಇಂದ ಝಡ್ ತನಕ, ಅಂಕಿ ಮತ್ತು ಅಡಿಗೆರೆ, ಇಷ್ಟನ್ನೇ ಗುರುತಿಸುತ್ತದೆ. ಕನ್ನಡ ಪೂರ್ತಿ ಹೊರಗೆ. ‘ನಿಟ್ಟೂರು’ ಒಳಗೆ ಹೋದರೆ ಖಾಲಿ ಹೊರಗೆ ಬರುತ್ತದೆ. ಖಾಲಿ ಆದರೆ ‘ಸೆಕ್ಷನ್’, ‘ಸೆಕ್ಷನ್-1’, ‘ಸೆಕ್ಷನ್-2’ ಅಂತ ತಾವೇ ಹೆಸರು ಕೊಡುವ ಸಾಧನಗಳೂ ಇವೆ. ಅದು ಕೆಲಸ ಮಾಡಿದಂತೆ ಕಾಣುತ್ತದೆ. ಆದರೆ ನಡುವೆ ಒಂದು ಹೊಸ ಶೀರ್ಷಿಕೆ ಸೇರಿಸಿದ ದಿನ ಎಲ್ಲ ಸಂಖ್ಯೆ ಒಂದೊಂದು ಮುಂದೆ ಹೋಗುತ್ತವೆ, ನೀವು ಹಿಂದೆ ಜನರಿಗೆ ಕಳಿಸಿದ್ದ ಲಿಂಕ್‌ಗಳೆಲ್ಲ ಪಕ್ಕದ ಭಾಗಕ್ಕೆ ಹೋಗಿ ನಿಲ್ಲುತ್ತವೆ. ಆ ಸ್ಮರಣ ಸಂಚಿಕೆಯ ಕತೆಯೇ.

ನಾನು ಕೋಡ್ ತೆಗೆದು ನೋಡಿ, ‘ಯೂನಿಕೋಡ್‌ನ (ಎಲ್ಲ ಭಾಷೆಯ ಬರಹದ ಗುರುತುಗಳಿಗೂ ಸಂಖ್ಯೆ ಕೊಟ್ಟಿರುವ ಪಟ್ಟಿ) ಯಾವ ಭಾಷೆಯ ಅಕ್ಷರ ಆದರೂ ಸರಿ’ ಅಂತ ತಿದ್ದಿದೆ. ಈ ಸಲ ‘ನಿಟ್ಟೂರು’ ಹೋಗಿ ‘ನಟಟರ’ ಬಂತು. ‘ಮಸ್ಕಿ’ ಹೋಗಿ ‘ಮಸಕ’. ‘ಪಾಲ್ಕಿಗುಂಡು’ ಹೋಗಿ ‘ಪಲಕಗಡ’. ನೋಡಿ ನನಗೆ ತುಂಬಾ ಬೇಜಾರಾಯಿತು. ಯೂನಿಕೋಡ್ ಲೆಕ್ಕದಲ್ಲಿ ಕ, ನ, ಟ ಇವು ಅಕ್ಷರ. ಗುಣಿತದ ಗುರುತು, ಅನುಸ್ವಾರ, ಒತ್ತಕ್ಷರ ಮಾಡುವ ಹಲಂತದ ಗುರುತು, ಇವೆಲ್ಲ ಅಕ್ಷರ ಅಲ್ಲ, ‘ಮಾರ್ಕ್’ ಅನ್ನುವ ಬೇರೆ ಗುಂಪು. ಅಕ್ಷರ ಮಾತ್ರ ಇಟ್ಟುಕೋ ಅಂದರೆ ಗುಣಿತ, ಒತ್ತು ಎಲ್ಲ ಉದುರಿ ಹೋಗುತ್ತವೆ. ಹಾಗಾದಾಗ ‘ಹಳ್ಳ’ ಮತ್ತು ‘ಹಳ್ಳಿ’ ಎರಡಕ್ಕೂ ಒಂದೇ ಐಡಿ. ಅಕ್ಷರ, ಮಾರ್ಕ್, ಅಂಕಿ ಮೂರನ್ನೂ ಉಳಿಸಿಕೋ ಅಂತ ಹೇಳಬೇಕು. ಕನ್ನಡಕ್ಕೆ ಅಷ್ಟೇ ಅಲ್ಲ, ತೆಲುಗು, ಹಿಂದಿ, ತಮಿಳು ಎಲ್ಲಕ್ಕೂ ಇದೇ ಮಾತು.

ಅಲ್ಲಿಗೂ ಮುಗಿಯಲಿಲ್ಲ. ಕೆಲವು ಕೀಲಿಮಣೆಗಳಲ್ಲಿ ‘ಬಸ್’ ಅಂತ ಹೊಡೆದರೆ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಸೇರಿಕೊಳ್ಳುತ್ತದೆ. ಒತ್ತಕ್ಷರ ಆಗದಂತೆ ತಡೆಯಲು ಇರುವ ಗುರುತು ಅದು, ‘ಸಾಫ್ಟ್‌ವೇರ್’ ಥರದ ಪದಕ್ಕೆ ಬೇಕೇ ಬೇಕು. ಪದದ ಕೊನೆಯಲ್ಲಿ ಇದ್ದರೆ ಮಾತ್ರ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಶೀರ್ಷಿಕೆಯ ಐಡಿ, ನೀವು ಕೈಯಲ್ಲಿ ಬರೆದ ಲಿಂಕ್, ಇವೆರಡರಲ್ಲಿ ಒಂದರಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಎರಡೂ ಬೇರೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಅರ್ಧ ರಾತ್ರಿ ಇದರಲ್ಲೇ ಹೋಯಿತು.

ಎಲ್ಲ ಸರಿ ಮಾಡಿದ ಮೇಲೆ ಕನ್ನಡದ್ದೇ ಐಡಿ ಚೆನ್ನಾಗಿ ಕೆಲಸ ಮಾಡುತ್ತದೆ. ನಿಯಮದ ಪ್ರಕಾರವೂ ತಪ್ಪಿಲ್ಲ. ಹಳೆಯ ಎಚ್‌ಟಿಎಂಎಲ್ 4ರಲ್ಲಿ ಐಡಿ ಇಂಗ್ಲಿಷ್ ಅಕ್ಷರದಿಂದಲೇ ಶುರು ಆಗಬೇಕಿತ್ತು, ಈಗ ಖಾಲಿ ಇರಬಾರದು ಮತ್ತು ನಡುವೆ ಸ್ಪೇಸ್ ಇರಬಾರದು ಅಷ್ಟೇ. ಆದರೂ ನಾನು ಕೊನೆಗೆ ಅದನ್ನು ಬಿಟ್ಟೆ. ಕಾರಣ ವಾಟ್ಸಾಪ್. ವಿಳಾಸ ಕಾಪಿ ಮಾಡಿದಾಗ ಕನ್ನಡದ ಒಂದೊಂದು ಗುರುತೂ ಮೂರು ಬೈಟ್ (ಕಂಪ್ಯೂಟರಿನ ಲೆಕ್ಕದ ತುಣುಕು) ಆಗಿ, ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಚಿಹ್ನೆ ಆಗುತ್ತದೆ. ಒಂದಕ್ಕೆ ಒಂಬತ್ತು. ‘ನಿಟ್ಟೂರು’ ಬರೆಯಲು ಎಂಟು ಗುರುತು ಬೇಕು, ಲಿಂಕ್‌ನಲ್ಲಿ ಅದು 72 ಆಗುತ್ತದೆ. ಅಂಥ ಲಿಂಕ್ ಕಾಕಾನಿಗೆ ಕಳಿಸಿದೆ. “ಇದೇನೋ ವೈರಸ್ ಐತಿ, ಒತ್ತಬ್ಯಾಡ್ರಿ ಅಂತ ಮಗ ಹೇಳ್ಯಾನ” ಅಂದರು. ಅವರ ಮಗ ಹೇಳಿದ್ದರಲ್ಲಿ ತಪ್ಪೇನಿಲ್ಲ, ಅದು ಕಾಣುವುದೇ ಹಾಗೆ.

ಈಗ ನಾನು ಮಾಡುವುದು ಹೀಗೆ. ಓದುವ ಶೀರ್ಷಿಕೆ ಕನ್ನಡದಲ್ಲಿ. ಐಡಿಯನ್ನು ನಾನೇ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಕೊಡುತ್ತೇನೆ. ಮಾರ್ಕ್‌ಡೌನ್‌ನಲ್ಲಿ (ಸರಳ ಗುರುತುಗಳ ಬರಹ ಶೈಲಿ) ಬರೆದು, ಅದರಿಂದ ವೆಬ್ ಪುಟ ತಯಾರಿಸುವ ಹ್ಯೂಗೋ, ಜೆಕಿಲ್ ಥರದ ಸಾಧನ ಬಳಸುವವರು ಶೀರ್ಷಿಕೆಯ ಸಾಲಿನ ಕೊನೆಗೆ ಹೂ ಬ್ರಾಕೆಟ್ ಒಳಗೆ ಹ್ಯಾಶ್ ಹಾಕಿ ಐಡಿ ಬರೆದರೆ ಸಾಕು. ಒಂದು ಸಲ ಕೊಟ್ಟ ಐಡಿಯನ್ನು ಮತ್ತೆ ಮುಟ್ಟುವುದಿಲ್ಲ. ಶೀರ್ಷಿಕೆಯನ್ನು ಹತ್ತು ಸಲ ತಿದ್ದಿದರೂ ಹಳೆಯ ಲಿಂಕ್ ಸರಿಯಾದ ಜಾಗಕ್ಕೇ ಹೋಗುತ್ತದೆ. ಕನ್ನಡದ ಐಡಿಯೇ ಇರಲಿ ಅನ್ನುವ ಗೆಳೆಯರೂ ಇದ್ದಾರೆ, ಅವರ ಮನಸ್ಸು ನನಗೆ ಅರ್ಥ ಆಗುತ್ತದೆ. ನನಗೆ ಮುಖ್ಯ ಆಗಿದ್ದು ಕಾಕಾ ಆ ಲಿಂಕ್ ಒತ್ತುವುದು.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದಾಗಿತ್ತು. ನನ್ನ ಪುಟದಲ್ಲಿ ‘ಹೋಗುವ ದಾರಿ’ ಅನ್ನುವ ಶೀರ್ಷಿಕೆ ಐದು ಸಲ ಬರುತ್ತದೆ. ಮೊದಲು ಐದಕ್ಕೂ ಒಂದೇ ಐಡಿ ಬಿದ್ದಿತ್ತು. ಒಂದೇ ಐಡಿ ಎರಡು ಕಡೆ ಇದ್ದರೆ ಬ್ರೌಸರ್ ಯಾವಾಗಲೂ ಮೊದಲು ಸಿಕ್ಕಿದ್ದಕ್ಕೆ ಹೋಗುತ್ತದೆ. ತಪ್ಪು ಅಂತ ಎಲ್ಲೂ ಹೇಳುವುದಿಲ್ಲ. ಪರಿಚಯದ ಮೇಷ್ಟ್ರೊಬ್ಬರು ಮಕ್ಕಳನ್ನು ಉದೇಗೊಳಂಗೆ ಕರೆದುಕೊಂಡು ಹೋಗಬೇಕು ಅಂತ ಅದರ ಕೆಳಗಿನ ‘ಹೋಗುವ ದಾರಿ’ ಒತ್ತಿದ್ದಾರೆ. ತೆರೆದದ್ದು ಗವಿಮಠದ ದಾರಿ. ಅದನ್ನೇ ಹಾಳೆಯಲ್ಲಿ ಬರೆದುಕೊಂಡಿದ್ದರು. ಪುಣ್ಯಕ್ಕೆ ಹೊರಡುವ ಮುಂಚೆ ನನಗೆ ಫೋನ್ ಮಾಡಿ, “ಕೊಪ್ಪಳ ಪ್ಯಾಟಿ ಮ್ಯಾಲೇ ಹಾದು ಹೋಗಬೇಕೇನ್ರಿ?” ಅಂತ ಕೇಳಿದರು. ಬಿಸಿಲಲ್ಲಿ ಒಂದು ಗಾಡಿ ತುಂಬ ಮಕ್ಕಳು ತಪ್ಪು ಜಿಲ್ಲೆಗೆ ಹೋಗುತ್ತಿದ್ದರು. ಈಗ ಒಳಗಿನ ಶೀರ್ಷಿಕೆಯ ಐಡಿಗೆ ಮೊದಲು ಊರಿನ ಹೆಸರು, ಆಮೇಲೆ ದಾರಿ ಅಂತ ಇಡುತ್ತೇನೆ. ಐದೂ ಬೇರೆ ಬೇರೆ.

ಪಟ್ಟಿಯನ್ನು ಎಲ್ಲಿ ಕಟ್ಟಬೇಕು ಅನ್ನುವುದೂ ಮುಖ್ಯ. ಓದುವವರ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿ ಐಡಿ ಹಾಕುವ ಪ್ಲಗಿನ್ ಆದರೆ, ಲಿಂಕ್ ಒತ್ತಿ ಬಂದವರು ಹಲವು ಸಲ ಪುಟದ ತಲೆಯಲ್ಲೇ ನಿಲ್ಲುತ್ತಾರೆ. ಬ್ರೌಸರ್ ಆ ಐಡಿ ಹುಡುಕುವ ಹೊತ್ತಿಗೆ ಅದು ಇನ್ನೂ ಹುಟ್ಟಿರುವುದಿಲ್ಲ. ಜೊತೆಗೆ, ಪುಟ ಬಂದ ಮೇಲೆ ಪರಿವಿಡಿ ತಡವಾಗಿ ಮೇಲೆ ಕೂತರೆ ಓದುತ್ತಿದ್ದ ಸಾಲು ದಡಕ್ಕನೆ ಕೆಳಗೆ ಜಾರುತ್ತದೆ. ಹಳ್ಳಿಯಲ್ಲಿ ಸಿಗ್ನಲ್ ಒಂದು ಕಡ್ಡಿ ಇರುವಾಗ ಇದು ಇನ್ನೂ ಜಾಸ್ತಿ ಕಾಡುತ್ತದೆ. ಅದಕ್ಕೆ ಪುಟ ತಯಾರಾಗುವಾಗಲೇ ಪರಿವಿಡಿ ಮತ್ತು ಐಡಿ ಎರಡೂ ಎಚ್‌ಟಿಎಂಎಲ್ ಒಳಗೆ ಇರುವಂತೆ ಮಾಡಿಕೊಂಡೆ.

ಸಣ್ಣಪುಟ್ಟವು ಇನ್ನೂ ಇವೆ. ನನ್ನ ಪುಟದ ಮೇಲೆ, ಎಷ್ಟು ತಳ್ಳಿದರೂ ಸರಿಯದೆ ಅಂಟಿಕೊಂಡಿರುವ ಅಡ್ಡಪಟ್ಟಿ ಇದೆ, ಲಿಂಕ್ ಒತ್ತಿದರೆ ಶೀರ್ಷಿಕೆ ಅದರ ಅಡಿಗೆ ಹೋಗಿ ಮುಚ್ಚಿಕೊಳ್ಳುತ್ತಿತ್ತು. ಸಿಎಸ್ಎಸ್‌ನಲ್ಲಿ ಸ್ಕ್ರೋಲ್-ಮಾರ್ಜಿನ್-ಟಾಪ್ ಅಂತ ಇದೆ, ಅದನ್ನು ಶೀರ್ಷಿಕೆಗಳಿಗೆ ಕೊಟ್ಟೆ, ಸರಿಹೋಯಿತು. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುವುದರಿಂದ ಪರಿವಿಡಿಯ ಸಾಲುಗಳ ನಡುವೆ ಜಾಗ ಸ್ವಲ್ಪ ಜಾಸ್ತಿ ಬಿಡಿ, ಇಲ್ಲದಿದ್ದರೆ ಒಂದರ ಒತ್ತು ಇನ್ನೊಂದರ ತಲೆಗೆ ತಾಗುತ್ತದೆ, ಬೆರಳಿಗೂ ಪಕ್ಕದ ಸಾಲೇ ಸಿಗುತ್ತದೆ. ಮೊಬೈಲಿನಲ್ಲಿ ಪರಿವಿಡಿ ಮಡಚಿಟ್ಟು, ಬೇಕಾದಾಗ ತೆರೆಯುವಂತೆ ಡೀಟೇಲ್ಸ್ ಟ್ಯಾಗ್ ಒಳಗೆ ಇಟ್ಟಿದ್ದೇನೆ. ಸಂಖ್ಯೆಗೆ ೧, ೨, ೩ ಬೇಕಿತ್ತು. ಅದಕ್ಕೆ ಕೈಯಲ್ಲಿ ಹೊಡೆಯಬೇಕಿಲ್ಲ, ಪಟ್ಟಿಯ ಶೈಲಿ ‘ಕನ್ನಡ’ ಅಂತ ಸಿಎಸ್ಎಸ್‌ನಲ್ಲಿ ಹೇಳಿದರೆ ಬ್ರೌಸರೇ ಹಾಕುತ್ತದೆ. ಇದು ಗೊತ್ತಾದ ದಿನ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಎಲ್ಲ ಪುಟಕ್ಕೂ ಪರಿವಿಡಿ ಹಾಕುವುದು ಬೇಡ ಅಂತ ನನ್ನ ಅಭಿಪ್ರಾಯ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಹಳೆಯ ವಿನ್ಯಾಸಗಳಲ್ಲಿ ಶೀರ್ಷಿಕೆ ಮೂರಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಪರಿವಿಡಿ ತಾನಾಗಿ ಬರುವ ರೂಢಿ ಇದೆ. ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಶೀರ್ಷಿಕೆ ಬರೆದ ಮೇಲೆ ಬರೀ ಪರಿವಿಡಿಯನ್ನು ಒಮ್ಮೆ ಓದುತ್ತೇನೆ. ‘ಪೀಠಿಕೆ’, ‘ಇನ್ನಷ್ಟು’, ‘ಒಂದು ನೋಟ’ ಅಂತ ಸಾಲುಗಳಿದ್ದರೆ ಅವು ಯಾರಿಗೂ ಏನೂ ಹೇಳುವುದಿಲ್ಲ, ಪುಟಕ್ಕೆ ವಾಪಸ್ ಹೋಗಿ ಶೀರ್ಷಿಕೆಯನ್ನೇ ತಿದ್ದುತ್ತೇನೆ.

ಎಲ್ಲ ಆದ ಮೇಲೆ ಗೆಳೆಯನಿಗೆ ಮತ್ತೆ ತೋರಿಸಿದೆ. ಅವನು ಪರಿವಿಡಿಯನ್ನು ಮುಟ್ಟಲೇ ಇಲ್ಲ. ‘2’ ಒತ್ತುತ್ತಾ ಗವಿಮಠ, ಪಾಲ್ಕಿಗುಂಡು ದಾಟಿ ಹೋದ. “ಈಗ ಊರು ಊರಿಗೆ ನಿಲ್ದಾಣ ಆತು” ಅಂದ.

ಕಾಕಾ ಮೊನ್ನೆ ಮಗ, ಮೊಮ್ಮಕ್ಕಳ ಜೊತೆ ನಿಟ್ಟೂರಿಗೆ ಹೋಗಿದ್ದರು. ನಾನು ಕಳಿಸಿದ ಚಿಕ್ಕ ಲಿಂಕ್ ಒತ್ತಿದರೆ ನೇರ ನಿಟ್ಟೂರಿನ ಭಾಗವೇ ತೆರೆದಿದೆ. ಬಂಡೆ ಮುಂದೆ ನಿಂತೇ ಫೋನ್ ಮಾಡಿದರು. “ತಮ್ಮಾ, ಇಲ್ಲೂ ಅಶೋಕನ ಹೆಸರು ಐತಿ ಅಂತ ಬರದೀಯಲ್ಲ, ಅದು ಎಲ್ಲಿ ಬರದಿ? ಹುಡುಗ್ರಿಗೆ ಓದಿ ಹೇಳಬೇಕು, ಸಿಗವಲ್ದು.” ಮಸ್ಕಿಯ ಹಾಗೆ ನಿಟ್ಟೂರು, ಉದೇಗೊಳಂ ಶಾಸನಗಳಲ್ಲೂ ಅಶೋಕ ಅನ್ನುವ ಹೆಸರಿದೆ. ನಾನು ಅದನ್ನು ಒಂದು ದೊಡ್ಡ ಪ್ಯಾರಾದ ನಡುವೆ ಬರೆದಿದ್ದೆ. ಫೋನಿನಲ್ಲೇ ಓದಿ ಹೇಳಿದೆ, ಕಾಕಾ ಅದನ್ನು ಜೋರಾಗಿ ಮಕ್ಕಳಿಗೆ ಹೇಳುವುದು ಈ ಕಡೆ ಕೇಳಿಸಿತು.

ಅವತ್ತು ರಾತ್ರಿ ಆ ಪ್ಯಾರಾ ಒಡೆದು, ಮೇಲೆ ‘ಅಶೋಕ ಅನ್ನುವ ಹೆಸರು’ ಅಂತ ಒಂದು ಎಚ್3 ಸೇರಿಸಿದೆ, ಐಡಿ ಕೊಟ್ಟೆ. ಉದೇಗೊಳಂಗೂ ಒಂದು. ಪುಟ ಮತ್ತೆ ತಯಾರಾದಾಗ ಪರಿವಿಡಿಯಲ್ಲಿ ಎರಡೂ ತಮ್ಮ ತಮ್ಮ ಊರಿನ ಕೆಳಗೆ ಕೂತಿದ್ದವು. ಲಿಂಕ್ ಕಾಪಿ ಮಾಡಿ ಕಾಕಾನಿಗೆ ಕಳಿಸಿ ಮಲಗಿದೆ.